ಮೂರು ತಿರುವು ದಾಟದ ವಿಮಾನ

ಆಗಸ್ಟ್ ಹದಿನಾಲ್ಕು, ಬೆಳಿಗ್ಗೆ 10.20. ಹೊಳೆದಂಡೆಯ ಊರು ಇಕಿಟೋಸ್‌ನ ವಿಮಾನ ನಿಲ್ದಾಣದ ಅಧಿಕಾರಿ ಬೆವರು ಒರೆಸಿಕೊಳ್ಳುತ್ತಾ ಠಾಣೆಗೆ ಬಂದು ದೂರು ಬರೆಸಿದರು. 10.05ಕ್ಕೆ ಯಾರೋ ನಿಲ್ದಾಣಕ್ಕೆ ಫೋನ್ ಮಾಡಿ, “ಲಿಮಾ ವಿಮಾನದಾಗೆ ಬಾಂಬ್ ಐತೆ. ಹಾರಿದ್ರೆ ಮೂರು ತಿರುವು ದಾಟಾಕಿಲ್ಲ” ಎಂದಿದ್ದ. 10.50ಕ್ಕೆ ಹೊರಡಬೇಕಿದ್ದ ವಿಮಾನ ನಿಂತಿತು. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಮುರಾಯಾರಿ ಆ ಮಾತನ್ನು ಎರಡು ಸಲ ಓದಿಸಿಕೊಂಡರು.

“ಆಕಾಶದಲ್ಲಿ ಎಲ್ಲಿಯ ತಿರುವು, ಡೀನಾ?” ಎಂದು ಪೇದೆಯನ್ನು ಕೇಳಿದರು. “ಇವನು ಹೊಳೆಯವನು.”

ಹೊಳೆಯ ಮೇಲ್ದಂಡೆಯ ಹಳ್ಳಿಗಳಲ್ಲಿ ದೂರವನ್ನು ಇವತ್ತಿಗೂ ಹೊಳೆಯ ತಿರುವುಗಳಲ್ಲೇ ಎಣಿಸುತ್ತಾರೆ. ಸ್ವರ್ಗ ಹತ್ತು ತಿರುವಿನಾಚೆ ಎನ್ನುತ್ತಿದ್ದಳು ಮುರಾಯಾರಿಯವರ ಅಜ್ಜಿ.

ಕರೆ ಬಂದ ಫೋನು ನಿಲ್ದಾಣದ ಗೇಟಿನಲ್ಲಿ ಮೊಬೈಲ್ ಬಾಡಿಗೆಗೆ ಕೊಡುವ ಹೆಂಗಸಿನದು. ರಬ್ಬರ್ ಬೂಟಿನವನೊಬ್ಬ ಮೊದಲು ಹೆಂಡತಿಗೆ ಮಾಡಿ, ಇನ್ನೂ ಎಂಟು ತಿರುವಾ ಎಂದು ಕೂಗಿದನಂತೆ. ಆಮೇಲೆ ದೂರ ಹೋಗಿ ಇನ್ನೊಂದು ಕರೆ ಮಾಡಿದನಂತೆ.

ಶೋಧದಲ್ಲಿ ಏನೂ ಸಿಗಲಿಲ್ಲ. ಪಂಚನಾಮೆ ಮುಗಿದು 1.10ಕ್ಕೆ ವಿಮಾನ ಹಾರಿತು. ಅದಕ್ಕೂ ಒಂದು ಗಂಟೆ ಮುಂಚೆ, 12.10ಕ್ಕೆ, ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಓಡಿಬಂದ ತಾಯಿ, ನೀಲಿಗಟ್ಟಿದ ತುಟಿಯ ಎಂಟು ವರ್ಷದ ಮಗಳು ನೆಲ್ಲಿ ತಪುಲ್ಲಿಮಾ ಅದರಲ್ಲಿದ್ದರು. ರಬ್ಬರ್ ಬೂಟಿನ ಅಪ್ಪ ಆರ್ಸೆನಿಯೊ 1.25ರಲ್ಲೂ ಬೇಲಿ ಹಿಡಿದು ಆಕಾಶ ನೋಡುತ್ತಲೇ ಇದ್ದ. ಫೋನಿನ ಹೆಂಗಸು ಗುರುತು ಹಿಡಿದ ಮೇಲೆ ಅವನನ್ನು ಅಲ್ಲಿಂದಲೇ ಠಾಣೆಗೆ ಕರೆತಂದರು.

ಯಾಕೆ, ಯಾರ ಜೊತೆ ಸೇರಿ ಎಂದು ಎಷ್ಟು ಕೇಳಿದರೂ ಅವನು ನೋಡುತ್ತಿದ್ದದ್ದು ಗೋಡೆ ಗಡಿಯಾರವನ್ನೇ. ಡೀನಾಳಿಗೆ ರೇಗಿತು.

“ಬಾಯಿಗೆ ಬೀಗ ಜಡ್ಕೊಂಡವ್ನೆ ಸಾರ್. ಹೆಂಡ್ತಿ ಮೇಲೂ ಅನುಮಾನ ಅಂತ ಬರೆದು ವಿಮಾನ ವಾಪಸ್ ಕರೆಸೋಣ.”

ಆರ್ಸೆನಿಯೊನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಮುರಾಯಾರಿಗೆ ಆಗ ಅರ್ಥವಾಯಿತು. ರಾಜಧಾನಿ ಲಿಮಾ ಇಲ್ಲಿಂದ ಸಾವಿರ ಕಿಲೋಮೀಟರು. ದೋಣಿ, ಬಸ್ಸು ಹಿಡಿದರೆ ಆರು ದಿನ, ವಿಮಾನಕ್ಕೆ ಒಂದೂ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಇವನು ಕೊಂದರೂ ಬಾಯಿ ಬಿಡುವವನಲ್ಲ.

ಈಗಿನ್ನೂ 2.05. ಮೇಲಿನವರಿಗೆ ಗೊತ್ತಾದರೆ ಮುರಾಯಾರಿಯವರ ಕೆಲಸ ಹೋಗುತ್ತದೆ. ಆದರೂ, ವಿಮಾನದ ಮಾತು ಆಮೇಲೆ, ಮೊದಲು ಪಂಚನಾಮೆಯನ್ನು ಇನ್ನೊಂದು ಸಲ ನೀಟಾಗಿ ಬರೆ ಎಂದು ಡೀನಾಳನ್ನು ಕೂರಿಸಿದರು.

2.55ಕ್ಕೆ ಲಿಮಾದಿಂದ ಫೋನ್ ಬಂತು.

“ಇಳೀತಾ ಸಾಮಿ?” ಎಂದ ಆರ್ಸೆನಿಯೊ.

“ಇಳೀತು.”

“ಬರ್ಕಳಿ. ನಾನೇ ಮಾಡಿದ್ದು.”

ಆಮೇಲೆ ಕಟ್ಟೆ ಒಡೆದಂತೆ ಅತ್ತ. ಮಗಳ ಹೃದಯದಲ್ಲಿ ತೂತು. ಅದನ್ನು ಮುಚ್ಚುವ ಪರದೇಶದ ಡಾಕ್ಟರುಗಳು ಲಿಮಾದಲ್ಲಿರುವುದು ನಾಳೆ ಒಂದೇ ದಿನ. ಟಿಕೆಟ್ ಪಡೆಯಲು ಇವನು ಮುಂಚಿತವಾಗಿ ಬಂದಿದ್ದ. ಹೆಂಡತಿ, ಮಗಳು ಹಿಂದೆ ಬರುತ್ತಿದ್ದ ದೋಣಿ, ಹೊಳೆ ಇಳಿದಿದ್ದರಿಂದ ಮರಳು ದಿಬ್ಬಕ್ಕೆ ಸಿಕ್ಕಿತು. ಬೇರೆ ವಿಮಾನಗಳಲ್ಲಿ ವಾರದವರೆಗೆ ಸೀಟಿರಲಿಲ್ಲ. 3.20ಕ್ಕೆ ಬಂಧನವಾಯಿತು.

ಅಷ್ಟರಲ್ಲಿ ಡೀನಾ ನಿಲ್ದಾಣದ ದಿನಚರಿಯ ನಕಲು ತಂದು, ಒಂದು ಸಾಲಿನ ಮೇಲೆ ಬೆರಳಿಟ್ಟಳು. 10.12: ಲಿಮಾದಲ್ಲಿ ದಟ್ಟ ಮಂಜು, ವಿಮಾನ ಎರಡು ಗಂಟೆ ತಡ. ಬಾಂಬಿನ ಗಲಾಟೆಯಲ್ಲಿ ಅದನ್ನು ಯಾರೂ ಕೂಗಿ ಹೇಳಿರಲಿಲ್ಲ. ಇವನು ಫೋನ್ ಮಾಡದಿದ್ದರೂ ವಿಮಾನ ಹೊರಡುತ್ತಿದ್ದದ್ದು 12.50ಕ್ಕೆ. ಮಗು ಬಂದದ್ದು 12.10ಕ್ಕೆ.

ಓದು ಬಾರದವನಿಗೆ ಎಲ್ಲ ಕಾಗದಗಳನ್ನೂ ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸಬೇಕು. ಮುರಾಯಾರಿ ದಿನಚರಿಯನ್ನೂ ಒಂದೊಂದೇ ಸಾಲು ಓದುತ್ತಾ ಬಂದರು. 10.05ರ ಕರೆಯನ್ನು ಓದಿದರು. ಮುಂದಿನ 10.12ರ ಸಾಲಿಗೆ ಬಂದು, ಅದನ್ನು ಓದದೆ ಹಾಳೆ ಮಗುಚಿದರು.

“ಅಷ್ಟೇನಾ ಸಾಮಿ?”

“ಅಷ್ಟೇ ಕಣಪ್ಪ. ಒತ್ತು.”