ಸುಲೋಚನಾಳ ದವಡೆ

ಸುಲೋಚನಾಳ ಕೆಳದವಡೆಯೊಳಗೆ ಅಸ್ಥಿವಾಹಕಗಳು ಕೆಲಸ ಆರಂಭಿಸಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಯಂತ್ರಗಳು ಅವು. ಎಡಗಡೆ ಅತಿಯಾಗಿ ಬೆಳೆದಿದ್ದ ಎಲುಬನ್ನು ಕಣಕಣವಾಗಿ ಕರಗಿಸಿ, ಬಲಗಡೆಗೆ ಹೊತ್ತೊಯ್ದು ಕಟ್ಟುತ್ತಿದ್ದವು. ಹಿಂದೆ ಇಂಥ ದವಡೆಯನ್ನು ಗರಗಸದಿಂದ ಕೊಯ್ದು, ತಗಡು ಕೂಡಿಸಿ ತಿರುಪು ಹಾಕಬೇಕಾಗುತ್ತಿತ್ತು. ಈಗ ಒಂದು ಸೂಜಿಮದ್ದು ಸಾಕು.

"ನೋವೇನರ ಆಗ್ತದೇನ್ರಿ?" ಡಾ. ಮೇಧಾ ಪಾಟೀಲ ಕೇಳಿದರು. ಈ ಯಂತ್ರಗಳನ್ನು ರೂಪಿಸಿದವರೇ ಅವರು.

"ಇಲ್ಲರಿ. ಇರುವಿ ಹರದಾಡಿದಂಗ ಆಗ್ತೈತಿ."

ಸುಲೋಚನಾ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಅವಳು ಬಡಿದ ಖಡಕ್ ರೊಟ್ಟಿಯನ್ನು ಊರೇ ತಿನ್ನುತ್ತಿತ್ತು. ಅವಳಿಗೆ ಮಾತ್ರ ಅಗಿಯಲು ಬರುತ್ತಿರಲಿಲ್ಲ. ಮೇಲಿನ ಹಲ್ಲಿಗೆ ಕೆಳಗಿನದು ಕೂಡುತ್ತಿರಲಿಲ್ಲ. ತುಸು ಗಟ್ಟಿಯಾದದ್ದನ್ನು ಕಚ್ಚಿದರೂ ಕಿವಿಯ ಬುಡದಿಂದ ನೆತ್ತಿಯವರೆಗೆ ನೋವು ಏರುತ್ತಿತ್ತು.

ಚಿಕಿತ್ಸೆ ಮುಗಿದು ಮನೆಗೆ ಬಂದ ದಿನ ಅವಳು ರೊಟ್ಟಿ ಮುರಿದು ಬಾಯಿಗಿಟ್ಟಳು. ಕರುಂ ಎಂಬ ಸದ್ದು ತನ್ನ ಬಾಯಲ್ಲೇ ಕೇಳಿಸಿದಾಗ ಕಣ್ಣು ತುಂಬಿದವು. ಎದುರಿಗೆ ಕುಳಿತಿದ್ದ ಗಂಡ ಈರಪ್ಪನಿಗೆ, "ಏನ್ ರುಚಿ ಐತ್ರೀ!" ಎಂದಳು.

"ಏನಂದಿ?" ಎಂದ ಈರಪ್ಪ.

ಮತ್ತೆ ಹೇಳಿದಳು. ಅವನು ಅವಳ ತುಟಿಗಳನ್ನೇ ದಿಟ್ಟಿಸಿದ, ತಿಳಿಯಲಿಲ್ಲವೆಂದು ತಲೆಯಾಡಿಸಿದ.

ಬಾಲ್ಯದ ಜ್ವರದಲ್ಲಿ ಈರಪ್ಪನ ಕಿವಿ ಹೋಗಿತ್ತು. ಲಗ್ನವಾದ ಮೇಲೆ ಹೆಂಡತಿಯ ತುಟಿ ನೋಡಿಯೇ ಮಾತು ತಿಳಿಯಲು ಕಲಿತಿದ್ದ. ಬೇರೆ ಯಾರ ಬಾಯೂ ಅವನಿಗೆ ಓದಲು ಬರುತ್ತಿರಲಿಲ್ಲ. ಮಾತನ್ನು ಅಕ್ಷರವಾಗಿಸುವ ಕನ್ನಡಕವನ್ನೂ ಹಾಕಿ ನೋಡಿದ್ದ. ಅಡುಗೆಯ ಹಬೆಗೆ ಅದು ಮಂಜಾಗುತ್ತಿತ್ತು.

ಮತ್ತೆ ಆಸ್ಪತ್ರೆಗೆ ಹೋದಾಗ ಡಾ. ಮೇಧಾ ಇಬ್ಬರನ್ನೂ ಕೂರಿಸಿಕೊಂಡು, ಚಿಕಿತ್ಸೆಗೆ ಮುಂಚೆ ತೆಗೆದಿದ್ದ ದವಡೆಯ ಚಿತ್ರಗಳನ್ನು ಬಹಳ ಹೊತ್ತು ನೋಡಿದರು.

"ಮಾತಾಡುವಾಗ ನಿಮ್ಮ ದವಡಿ ಬಲಕ್ಕ ಜಾರ್ತಿತ್ತು. ಇವರು ಕಲತಿದ್ದು ಅದನ್ನ. ಎಲುಬು, ನರ, ಸ್ನಾಯು ಎಲ್ಲಾ ಲೆಕ್ಕ ಹಾಕಿದ್ದೆ. ನಿಮ್ಮನ್ನ ನೋಡೋ ಕಣ್ಣಿನ ವಿಚಾರ ಹೊಳೀಲಿಲ್ಲ." ಚಿತ್ರಗಳನ್ನು ಬದಿಗಿಟ್ಟು ಹೇಳಿದರು, "ಬೇಕಾದ್ರ ಮೊದಲಿನಂಗ ಮಾಡಬಹುದು."

"ಮಾಡ್ರಿ," ಎಂದಳು ಸುಲೋಚನಾ, ತಲೆ ತಗ್ಗಿಸಿ.

ವೈದ್ಯೆ ಅದನ್ನೆಲ್ಲ ಬರೆದು ತೋರಿಸಿದಾಗ ಈರಪ್ಪ ಎದ್ದೇ ನಿಂತ.

"ಬ್ಯಾಡ್ರಿ! ಲಗ್ನಾದಾಗಿಂದ ಅಕಿ ರೊಟ್ಟಿ ನೀರಾಗ ನೆನಸಿಕೊಂಡು ತಿಂದಾಳ. ನಾ ಕಲಿತೀನಿ ಬಿಡ್ರಿ."

ಕಲಿಕೆ ಸುಲಭವಾಗಲಿಲ್ಲ. ಖಾನಾವಳಿಯಲ್ಲಿ ಹೆಂಡತಿ ಹೇಳಿದ್ದನ್ನು ಬಡಿಸುವವನು ಈರಪ್ಪನೇ; ತಿಂಗಳುಗಟ್ಟಲೆ ಸಾರು ಕೇಳಿದವರಿಗೆ ಮಜ್ಜಿಗೆ ಬಂತು. ಸಿಟ್ಟು ಬಂದಾಗ ಸುಲೋಚನಾ ಗಂಡನ ಮುಖಕ್ಕೇ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದಳು, ಹೇಗೂ ತಿಳಿಯುವುದಿಲ್ಲವಲ್ಲ.

ಒಂದು ಮಧ್ಯಾಹ್ನ ಬದನೆಕಾಯಿ ಪಲ್ಯ ಮತ್ತೆ ಬೇರೆ ಮೇಜಿಗೆ ಹೋಯಿತು.

"ಈ ಮನಷ್ಯಾಗ ತಲಿ ಅಂಬೋದು ಐತೋ ಇಲ್ಲೋ!"

"ಐತಿ," ಎಂದ ಈರಪ್ಪ, ತಟ್ಟೆ ಎತ್ತಿಕೊಳ್ಳುತ್ತ. "ಇಷ್ಟು ದಿನಾನೂ ಹಿಂಗ ಬೈತಿದ್ದೇನು?"

ಸುಲೋಚನಾ ಬಾಯಿಗೆ ಸೆರಗು ಒತ್ತಿಕೊಂಡು ಏನೋ ಹೇಳಿದಳು, ನಕ್ಕಳು, ಮತ್ತೆ ಏನೋ ಹೇಳಿದಳು.

"ಸೆರಗು ತಗಿ," ಎಂದ ಅವನು. "ಕಾಣವಲ್ದು."