ಶಾಯಿ ಕುಡಿದ ಹಾಳೆಗಳು

“ಹನ್ನೆರಡರಲ್ಲಿ ಒಂದನ್ನಾದರೂ ಬಿಟ್ಟು ಹೋಗಬಾರದಿತ್ತಾ?”

ಠಾಣೆಯ ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಇದನ್ನು ಯಾರನ್ನೂ ಕೇಳಲಿಲ್ಲ. ಎದುರಿನ ಗೋಡೆಯ ಕಡೆ ಮುಖವಿಟ್ಟು ಕೇಳಿದರು. ಅವರ ದೃಷ್ಟಿ ಹೋಗಿ ಐದು ವರ್ಷವಾಗಿತ್ತು.

ತಾರೀಕು ಹದಿನಾಲ್ಕು, ಬೆಳಿಗ್ಗೆ 9.40. ದೂರು ತಂದವಳು ಅಜ್ಜಿಯ ಮಗಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ದುಡಿಯುವವಳು. ದೂರನ್ನು ಬರೆದುಕೊಟ್ಟವನು ಜೊತೆಯಲ್ಲೇ ಬಂದಿದ್ದ ಅಜ್ಜಿಯ ತಂಗಿಯ ಮಗ. ಶಾಲೆಗಳ ಸರ್ಟಿಫಿಕೇಟುಗಳ ಮೇಲೆ ಹೆಸರು ಬರೆಯುವುದು ಅವನ ಕಸುಬು. ಓದುವ ಕಾಲದಲ್ಲಿ ಮೇಷ್ಟ್ರೊಬ್ಬರು ಇಟ್ಟ ‘ದುಂಡಕ್ಷರ’ ಎಂಬ ಅಡ್ಡಹೆಸರೇ ಅವನಿಗೆ ನಿಂತುಹೋಗಿತ್ತು.

ಇನ್ಸ್‌ಪೆಕ್ಟರ್ ದೂರನ್ನು ಎರಡು ಸಲ ಓದಿದರು. ಅಜ್ಜಿಗೆ ತಮ್ಮ ಅಜ್ಜಿಯಿಂದ ಬಾಯಿಪಾಠವಾಗಿ ಬಂದ ದೇವರ ಕತೆಯೊಂದಿತ್ತು: ಏಳು ಹೊಳೆಯ ಪದ. ಕಳೆದುಹೋದ ಮಗುವನ್ನು ಹುಡುಕುತ್ತ ತಾಯಿಯೊಬ್ಬಳು ಏಳು ಹೊಳೆ ದಾಟುವ ಕತೆ. ಎಂಟು ತಿಂಗಳು ಹಿಡಿದು ಅದನ್ನು ದುಂಡಕ್ಷರನ ಕೈಲಿ ಹನ್ನೆರಡು ನೋಟ್‌ಬುಕ್ಕುಗಳಲ್ಲಿ ಬರೆಸಿದ್ದರು. ಹದಿನಾರನೇ ತಾರೀಕು ಮುದ್ರಣಾಲಯದವರು ಬಂದು ಒಯ್ಯಬೇಕಿತ್ತು. ಹದಿಮೂರರ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ಒಳಗೆ, ಅಜ್ಜಿ ಮಲಗಿದ್ದಾಗ, ಮಗಳು ಗಿರಾಕಿಯೊಬ್ಬರ ಮನೆಗೆ ಅಳತೆ ತೆಗೆಯಲು ಹೋಗಿದ್ದಾಗ, ಪೆಟ್ಟಿಗೆಯಿಂದ ಹನ್ನೆರಡೂ ಕಳುವಾಗಿದ್ದವು.

ಬಾಯಿಪಾಠವಿದ್ದ ಮೇಲೆ ಇನ್ನೊಮ್ಮೆ ಹೇಳಿ ಬರೆಸಬಹುದಲ್ಲ ಎಂದು ಇನ್ಸ್‌ಪೆಕ್ಟರ್ ಕೇಳಿದರು. ಮಗಳು ಬೆಂಚಿನ ಕಡೆ ನೋಡಿ ದನಿ ತಗ್ಗಿಸಿದಳು. ಆರು ವಾರದ ಹಿಂದೆ ಅಮ್ಮನಿಗೆ ಸಣ್ಣದಾಗಿ ಪಾರ್ಶ್ವವಾಯು ಬಡಿದಿತ್ತು. ಕೈಕಾಲು ಸರಿಹೋದವು, ಪದ ಮಾತ್ರ ದಿನಕ್ಕಿಷ್ಟು ಉದುರುತ್ತಿತ್ತು. ಸಂಜೆ ದೀಪ ಹಚ್ಚಿ ಹೇಳಲು ಕೂರುತ್ತಾರೆ, ಎಲ್ಲೋ ಒಂದು ಕಡೆ ನಿಂತುಹೋಗುತ್ತಾರೆ.

“ನಿನ್ನೆ ಮೂರನೇ ಹೊಳೆ ದಡದಲ್ಲೇ ನಿಂತುಬಿಟ್ರು ಸರ್. ಅರ್ಧ ಗಂಟೆ. ದಾಟಲೇ ಇಲ್ಲ.”

ದುಂಡಕ್ಷರ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

10.15ಕ್ಕೆ ಎಫ್‌ಐಆರ್ ದಾಖಲಾಯಿತು. ದಾಖಲಿಸಿದವನು ಠಾಣೆಯ ರೈಟರ್, ಇಪ್ಪತ್ತೆರಡು ವರ್ಷದಿಂದ ಠಾಣೆಯ ಬರವಣಿಗೆ ನೋಡಿಕೊಂಡು ಬಂದ ಹೆಡ್ ಕಾನ್‌ಸ್ಟೇಬಲ್. ಎಲ್ಲರೂ ಬಾಲ್ ಪೆನ್ ಹಿಡಿದರೂ ಅವನು ಇಂಕ್ ಪೆನ್ನು ಬಿಟ್ಟಿರಲಿಲ್ಲ. ಠಾಣೆಯ ರಿಜಿಸ್ಟರ್ ಹಾಳೆಯ ಮೇಲೆ ಅವನು ಎಳೆದ ಗೆರೆಯೆಲ್ಲ ಜರಿಹುಳದಂತೆ ಕಾಲು ಬಿಡುತ್ತಿತ್ತು. ಅದಕ್ಕೆ ಅವನು ದಿನವೂ ಬೈಯುತ್ತಿದ್ದ, ಉಳಿದವರು ದಿನವೂ ನಗುತ್ತಿದ್ದರು. ಇಂದು ದೂರಿನ ಹಾಳೆ ಕೈಗೆ ಬಂದಾಗ ಅದನ್ನು ಮಗುಚಿ ನೋಡಿದ. ಹಿಂಬದಿ ಅಚ್ಚಬಿಳಿ. ಇಷ್ಟು ತೆಳ್ಳಗಿದ್ದರೂ ಒಂದು ಚುಕ್ಕೆ ಆಚೆ ದಾಟಿರಲಿಲ್ಲ, ಅಕ್ಷರದ ಅಂಚು ಕತ್ತರಿಸಿಟ್ಟಂತಿತ್ತು.

“ಎಲ್ಲಿ ಸಿಗುತ್ತಪ್ಪಾ ಈ ಹಾಳೆ?”

“ಮನೇಲಿತ್ತು ಸರ್,” ಅಂದ ದುಂಡಕ್ಷರ. “ತುಂಬಾ ಹಳೇದು.”

ಇಂಥ ದಿನ ಹಾಳೆಯ ಮಾತು ಬೇಕಿತ್ತೇ ಎಂಬಂತೆ ಇನ್ಸ್‌ಪೆಕ್ಟರ್ ನೋಡಿದರು. ರೈಟರ್ ಹಾಳೆಯನ್ನು ಫೈಲಿಗೆ ಸೇರಿಸಿದ.

11 ಗಂಟೆಗೆ, ಅಕ್ಕಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು, ಸ್ಥಳ ಪಂಚನಾಮೆ ನಡೆಸಿದರು. ಪೆಟ್ಟಿಗೆ ಒಳಕೋಣೆಯ ಮಂಚದ ಕೆಳಗಿತ್ತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಎಂದಿನಂತೆ ಹೊಲಿಗೆ ಯಂತ್ರದ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಅದೇ ಪೆಟ್ಟಿಗೆಯಲ್ಲಿದ್ದ ಮಗಳ ಎರಡು ಚಿನ್ನದ ಬಳೆ ಅಲ್ಲೇ ಇದ್ದವು. ತಳದಲ್ಲಿ ಅಜ್ಜಿಯ ಗಂಡನ ದಪ್ಪ ನಿಬ್ಬಿನ ಪೆನ್ನು, ಒಂದು ಒತ್ತುಕಾಗದ. ಪದವನ್ನು ಈ ಪೆನ್ನಿನಲ್ಲೇ ಬರೆಯಬೇಕೆಂದು ಅಜ್ಜಿ ಹಟ ಹಿಡಿದಿದ್ದರಂತೆ. ಗಂಡ ಇದ್ದಿದ್ದರೆ ಅವರೇ ಬರೆಯುತ್ತಿದ್ದರು, ಪೆನ್ನಾದರೂ ಬರೆಯಲಿ ಎಂದು.

ಅಷ್ಟರಲ್ಲಿ ಪಂಚರಲ್ಲೊಬ್ಬರು ನೆನಪಿಸಿಕೊಂಡರು: ನಿನ್ನೆ ಮಧ್ಯಾಹ್ನ ಹಳೇ ಪೇಪರಿನವನು ಈ ಬೀದಿಯಲ್ಲಿ ಕೂಗುತ್ತ ಹೋಗಿದ್ದ. ಹಳೇ ಪೇಪರು ಕೊಳ್ಳುವ ಗೋದಾಮಿಗೆ ಫೋನು ಮಾಡಿದಾಗ, ಲೋಡು ಒಂದು ಗಂಟೆಗೆ ಕಾಗದದ ಕಾರ್ಖಾನೆಗೆ ಹೊರಡುತ್ತದೆ, ಅಲ್ಲಿ ಹೋದ ಕೂಡಲೇ ನೀರಿಗೆ ಹಾಕುತ್ತಾರೆ ಎಂದರು.

12.10ಕ್ಕೆ ಇಬ್ಬರು ಕಾನ್‌ಸ್ಟೇಬಲ್‌ಗಳು ಗೋದಾಮಿನಲ್ಲಿದ್ದರು. ಲಾರಿಗೆ ಏರಿಸಿದ್ದ ಮೂಟೆಗಳನ್ನು ಇಳಿಸಿ, ಬಿಚ್ಚಿ, ಪುಸ್ತಕದ ಆಕಾರದ್ದನ್ನೆಲ್ಲ ಕೈಗೆತ್ತಿ ನೋಡಿದರು. ಮಗಳೂ ಸೀರೆ ಸೊಂಟಕ್ಕೆ ಸಿಕ್ಕಿಸಿ ಹುಡುಕಿದಳು. ದುಂಡಕ್ಷರ ಬಾಗಿಲಲ್ಲೇ ನಿಂತಿದ್ದ. ನೀನೂ ಒಂದು ಕೈ ಹಾಕೋ, ಅಕ್ಷರ ಗುರುತು ಹಿಡಿಯೋನು ನೀನೇ ಅಲ್ವಾ ಎಂದು ಮಗಳು ಕರೆದ ಮೇಲೆ ಬಂದು, ಒಂದೇ ಮೂಟೆಯ ಮುಂದೆ ಬಹಳ ಹೊತ್ತು ಕೂತ. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ. ಎರಡಕ್ಕೆ ಕೊನೆಯ ಮೂಟೆಯನ್ನೂ ಕಟ್ಟಿದರು. ಏನೂ ಸಿಗಲಿಲ್ಲ.

ಠಾಣೆಗೆ ಮರಳಿದಾಗ ರೈಟರ್ ಪಂಚನಾಮೆಯಲ್ಲಿ ವಶಪಡಿಸಿಕೊಂಡ ಒತ್ತುಕಾಗದವನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದ. ಬರೆದ ಕೂಡಲೇ ಹೆಚ್ಚಿನ ಇಂಕನ್ನು ಹೀರಲು ಮೇಲೆ ಒತ್ತುವ ಕಾಗದ ಅದು. ಬರೆಯುವಾಗ ಪ್ರತಿ ಪುಟಕ್ಕೂ ಒತ್ತುತ್ತಿದ್ದ ಸದ್ದು ಅಮ್ಮನಿಗೆ ಇಷ್ಟ, ಎಂಟು ತಿಂಗಳೂ ಇದೊಂದೇ ಕಾಗದ ಎಂದು ಮಗಳು ಹೇಳಿಕೆ ಕೊಟ್ಟಿದ್ದಳು.

“ಇದನ್ನ ನೋಡಿ ಸರ್,” ಅಂದ ರೈಟರ್. “ಆ ನಿಬ್ಬು ನಲ್ಲಿ ಬಿಟ್ಟ ಹಾಗೆ ಇಂಕು ಬಿಡುತ್ತೆ. ಎಂಟು ತಿಂಗಳಿಗೆ ಇದು ಕಪ್ಪಾಗಿ ಹೋಗಿರಬೇಕಿತ್ತು. ಮುಕ್ಕಾಲು ಬೆಳ್ಳಗೇ ಇದೆ.”

“ಅಂದ್ರೆ?”

“ಇದಕ್ಕೆ ಬರಬೇಕಾದ ಇಂಕನ್ನೆಲ್ಲ ನೋಟ್‌ಬುಕ್ಕೇ ಕುಡಿದುಬಿಟ್ಟಿದೆ ಸರ್.”

ಇನ್ಸ್‌ಪೆಕ್ಟರ್ ಒತ್ತುಕಾಗದವನ್ನು ಮಗುಚಿ ನೋಡಿದರು. ಆಮೇಲೆ ಟೋಪಿ ಎತ್ತಿಕೊಂಡು, ಒಳ್ಳೆ ಹಾಳೆ ಎಲ್ಲಿ ಸಿಗುತ್ತೆ ಅಂತ ಬೆಳಿಗ್ಗೆ ಕೇಳ್ತಿದ್ರಲ್ಲ, ನಡೀರಿ ಹುಡುಕೋಣ ಎಂದರು.

ಇಂಕ್ ಪೆನ್ನಿನವರು ಹೋಗುವ ಲೇಖನ ಸಾಮಗ್ರಿಯ ಅಂಗಡಿ ಊರಿಗೆ ಒಂದೇ. ಸಂಜೆ 5.20ಕ್ಕೆ ಒಳಗೆ ಕಾಲಿಟ್ಟರು. ಅಂಗಡಿಯಾಕೆ ಐವತ್ತು ದಾಟಿದವಳು, ಬೆರಳ ತುದಿಯೆಲ್ಲ ನೀಲಿ. ದೂರಿನ ಹಾಳೆಯನ್ನು ಬೆಳಕಿಗೆ ಹಿಡಿದ ಕೂಡಲೇ ತನ್ನದೇ ಮಾಲು ಎಂದಳು. ಈ ತಿಂಗಳ ಎಂಟಕ್ಕೆ ಮೊದಲ ಸಲ ತರಿಸಿದ್ದು. ಬಂದದ್ದು ಹನ್ನೆರಡು ನೋಟ್‌ಬುಕ್ಕು, ಹತ್ತನೇ ತಾರೀಕು ಹನ್ನೆರಡೂ ಒಬ್ಬನೇ ಒಯ್ದ. ಸರ್ಟಿಫಿಕೇಟು ಬರೆಯುವವನು.

“ಹಳೇದು ಅಂದ,” ರೈಟರ್ ಮೆಲ್ಲಗೆ ಅಂದ.

ಅವನು ಮೊದಲೂ ಬಂದಿದ್ದನೇ ಎಂದು ಇನ್ಸ್‌ಪೆಕ್ಟರ್ ಕೇಳಿದರು. ವರ್ಷದ ಕೆಳಗೆ ಬಂದಿದ್ದನೆಂದಳು. ಆಗಲೂ ಹನ್ನೆರಡು. ಎಲ್ಲಕ್ಕಿಂತ ದಪ್ಪನೆಯ, ಒರಟು ಹಾಳೆಯ, ನೋಡಲು ಬಲು ಚೆಂದದ್ದನ್ನು ಆರಿಸಿದ್ದ. ಅದು ಚಿತ್ರ ಬರೆಯುವ ಮಕ್ಕಳ ಇದ್ದಿಲ ಕಡ್ಡಿಗೆ ಸರಿ, ಇಂಕಿಗಲ್ಲ ಎಂದು ಇವಳು ಹೇಳಿ ನೋಡಿದ್ದಳು. ಗಟ್ಟಿ ಕಾರ್ಡಿನ ಮೇಲೆ ಬರೆದು ಅಭ್ಯಾಸವಾದವನು ಕೇಳಲಿಲ್ಲ.

“ದಪ್ಪ ಇದ್ರೆ ಒಳ್ಳೇದು ಅಂತಾರೆ ಸರ್, ಎಲ್ರೂ ಅಲ್ಲೇ ಮೋಸ ಹೋಗೋದು. ಹಾಳೆಗೂ ಬಟ್ಟೆ ಥರ ಗಂಜಿ ಹಾಕಿರ್ತಾರೆ. ಗಂಜಿ ಹಿಡಿದಿದ್ರೆ ಎಷ್ಟು ತೆಳುವಿದ್ರೂ ಇಂಕು ಮೇಲೇ ಕೂರುತ್ತೆ. ಇಲ್ದಿದ್ರೆ ಕಂಬಳಿ ಥರ ಇದ್ರೂ ಆಚೆ ಬದಿಗೆ ಇಳಿಯುತ್ತೆ.”

“ಈ ಸಲ ಹೇಗೆ ಆರಿಸಿದ?”

ಈ ಸಲ ಎರಡು ಗಂಟೆ ಕೂತಿದ್ದನೆಂದಳು. ದಪ್ಪ ನಿಬ್ಬಿನ ತನ್ನದೊಂದು ಪೆನ್ನು ತಂದಿದ್ದ. ಒಂದೊಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಅದೇ ಎರಡು ಸಾಲು ಬರೆದ. ನಿಬ್ಬನ್ನು ಒಂದು ಕಡೆ ಒತ್ತಿ ಹಿಡಿದು ಐದು ಎಣಿಸಿದ. ಹಾಳೆ ಮಗುಚಿ ಹಿಂಬದಿ ಸವರಿದ. ಒಣಗಿತೇ ಎಂದು ಬೆರಳಿಟ್ಟು ನೋಡಿದ. ಸರಿಬಾರದ್ದಕ್ಕೆಲ್ಲ ತಾನೇ ದುಡ್ಡು ಕೊಡುತ್ತೇನೆಂದ. ಅವು ಇನ್ನೂ ಕೌಂಟರಿನ ಕೆಳಗಿದ್ದವು. ಒಂದನ್ನು ತೆಗೆದು ಕೊನೆಯ ಪುಟ ತೋರಿಸಿದಳು:

*ಮೂರನೆ ಹೊಳೆಯಲ್ಲಿ ನೀರಿಲ್ಲ, ಮರಳುಂಟು,*
*ಮರಳಲ್ಲಿ ಮಗುವಿನ ಅಡಿಯುಂಟು.*

ಬರೆಯುವುದು ಮುಗಿದು ತಿಂಗಳುಗಳಾದ ಮೇಲೆ, ಕಳುವಿಗೆ ಮೂರು ದಿನ ಮೊದಲು, ಮತ್ತೆ ಹನ್ನೆರಡು ನೋಟ್‌ಬುಕ್ ಯಾಕೆ ಬೇಕಾಯಿತು ಎಂಬುದನ್ನು ಇನ್ನು ಯಾರೂ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಬರುವಾಗ ದಾರಿಯಲ್ಲಿ ಅಜ್ಜಿಯ ಮನೆ. ಒಳಗಿಂದ ಅಜ್ಜಿಯ ದನಿ ಕೇಳಿಸಿತು, ರಾಗವಾಗಿ ಹೊರಟು ಹಠಾತ್ತಾಗಿ ನಿಂತಿತು. ಇಬ್ಬರೂ ಕಿಟಕಿಯ ಹೊರಗೆ ಕೈ ಕಟ್ಟಿ ನಿಂತರು. ಮುಂದಿನ ಸಾಲು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದರು. ಬರಲಿಲ್ಲ.

ಹದಿನೈದನೇ ತಾರೀಕು ಬೆಳಿಗ್ಗೆ 8.30ಕ್ಕೆ ಶೋಧನೆ. ದುಂಡಕ್ಷರನ ಕೋಣೆ ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ. ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಹನ್ನೆರಡು ದಪ್ಪ ನೋಟ್‌ಬುಕ್ಕುಗಳು, ಮೇಜಿನ ಮೇಲೆ ಹನ್ನೆರಡು ತೆಳುವಾದವು. ಅವನು ಬರೆಯುತ್ತಿದ್ದ. ಬಲಗೈಯ ನಡುಬೆರಳು ಊದಿ ಅದಕ್ಕೆ ಬಟ್ಟೆ ಸುತ್ತಿದ್ದ. ಪೊಲೀಸರನ್ನು ನೋಡಿ ಏಳಲಿಲ್ಲ, ಹಿಡಿದ ಸಾಲನ್ನು ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿದ.

“ಒಂದು ತಿಂಗಳು ಸಿಕ್ಕಿದ್ರೆ ಮುಗಿಸ್ತಿದ್ದೆ ಸರ್. ಕಳ್ಳ ತಂದಿಟ್ಟ ಹಾಗೆ ಬಾಗಿಲಲ್ಲಿ ಇಟ್ಟು ಬರ್ತಿದ್ದೆ.”

ರೈಟರ್ ದಪ್ಪ ನೋಟ್‌ಬುಕ್ಕೊಂದನ್ನು ತೆರೆದ. ಮೊದಲ ಮೂರರಲ್ಲಿ ಹಾಳೆಯ ಒಂದೇ ಬದಿ ಬರೆದಿತ್ತು, ಓದಬಹುದಿತ್ತು. ನಾಲ್ಕನೆಯದರಿಂದ ಎರಡೂ ಬದಿ. ಈ ಬದಿಯದು ಆ ಬದಿಗೆ ಇಳಿದು, ಆ ಬದಿಯದು ಇಲ್ಲಿಗೆ ಏರಿ, ಸಾಲಿನ ಮೇಲೆ ಸಾಲು ಮಲಗಿ, ಪುಟಕ್ಕೆ ಪುಟವೇ ಕೊಚ್ಚೆಯಾಗಿತ್ತು. ರೈಟರ್ ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು, ಜೋಪಾನವಾಗಿ ಕೆಳಗಿಟ್ಟ.

9.15ಕ್ಕೆ ಜಪ್ತಿ ಪಂಚನಾಮೆ, 9.50ಕ್ಕೆ ದಸ್ತಗಿರಿ.

ಹೇಳಿಕೆಯನ್ನು ರೈಟರೇ ಬರೆದುಕೊಂಡ. ಶುರುವಿನ ದಿನ ದೊಡ್ಡಮ್ಮ ಹಾಳೆ ಹೇಗಿದೆ ಮಗಾ ಎಂದು ಕೇಳಿದ್ದರು. ಇಂಕು ಹರಡುವುದು ಕಾಣುತ್ತಿದ್ದರೂ ಇವನು ಬೆಣ್ಣೆ ಥರ ಇದೆ ದೊಡ್ಡಮ್ಮ ಎಂದುಬಿಟ್ಟ. ಆರಿಸಿದ್ದು ತಾನೇ, ಅಕ್ಷರಕ್ಕೆ ಹೆಸರಾದವನೂ ತಾನೇ. ಒಂದೇ ಬದಿ ಬರೆದು ಹೇಗೋ ಸಾಗಿಸಿದ. ನಾಲ್ಕನೇ ಪುಸ್ತಕಕ್ಕೆ ಅವರು ಹಾಳೆ ಸವರಿ, ಹಿಂಬದಿ ಯಾಕೋ ಖಾಲಿ, ದೇವರ ಪದಕ್ಕೆ ಜಾಗದ ದುಂದು ಬೇಡ ಎಂದರು. ಆಗಲಾದರೂ ನಿಜ ಹೇಳಬಹುದಿತ್ತು. ಅವರು ಕಣ್ಣು ಮುಚ್ಚಿ ಹೇಳುತ್ತ ಹೋಗುತ್ತಿದ್ದರು, ನಡುವೆ ತಡೆಯುವ ಧೈರ್ಯ ಬರಲಿಲ್ಲ. ಹೇಗೂ ಅವರ ಬಾಯಲ್ಲಿದೆ, ನಿಧಾನವಾಗಿ ಇನ್ನೊಮ್ಮೆ ಕೇಳಿ ತಿದ್ದಿದರಾಯಿತು ಅಂದುಕೊಂಡ. ಅಷ್ಟರಲ್ಲಿ ಅವರ ಬಾಯಿಂದಲೂ ಹೋಗತೊಡಗಿತು.

ಅಜ್ಜಿಯನ್ನು ಮಧ್ಯಾಹ್ನ ಮೂರಕ್ಕೆ ಠಾಣೆಗೆ ಕರೆತಂದರು. ಮಗಳು ದಾರಿಯಲ್ಲೇ ಎಲ್ಲ ಹೇಳಿದ್ದಳು. ಅವರು ಬೆಂಚಿನ ಮೇಲೆ ಕೂತು, ಬರೆದಷ್ಟನ್ನು ಓದಲಿ ಎಂದರು. ಜಪ್ತಿಯಾದ ಮುದ್ದೆಮಾಲನ್ನು ಹಾಗೆ ಕೊಡುವಂತಿಲ್ಲ ಎಂದು ಕಾನ್‌ಸ್ಟೇಬಲ್ ಶುರು ಮಾಡಿದ. ಇನ್ಸ್‌ಪೆಕ್ಟರ್ ತಾವೇ ತೆಳುವಾದ ನೋಟ್‌ಬುಕ್ಕೊಂದನ್ನು ತಂದು ದುಂಡಕ್ಷರನ ಕೈಗಿಟ್ಟರು.

ಕೆಟ್ಟುಹೋದ ನಾಲ್ಕನೇ ಪುಸ್ತಕದಿಂದಲೇ ನಕಲು ಶುರು ಮಾಡಿದ್ದ ಅವನು ಮೂರನೇ ಹೊಳೆಯಿಂದ ಓದಿದ. ಪದ ಹರಿಯಿತು. ಅಜ್ಜಿಯ ಬೆರಳು ತೊಡೆಯ ಮೇಲೆ ತಾಳ ಹಿಡಿಯಿತು. ಎರಡು ಪುಟ ಹಾಗೇ ಹೋಯಿತು. ಆಮೇಲೆ ಬೆರಳು ನಿಂತಿತು.

“ಇದು ಯಾರು ಹೇಳಿದ್ದು?”

ಅವನು ಪುಟದಿಂದ ತಲೆ ಎತ್ತಿದ.

“ಇಲ್ಲಿ ತಾಯಿ ಅಳಬೇಕು ಮಗಾ. ನಿನ್ನವಳು ಅಲಂಕಾರ ಮಾಡ್ಕೊಂಡು ನಿಂತಿದ್ದಾಳೆ.”

ಓದಲಾಗದ ಕಡೆಯೆಲ್ಲ ತಾನೇ ಕಟ್ಟಿ ತುಂಬಿದ್ದೇನೆ ಎಂದು ಅವನು ಒಪ್ಪಿಕೊಂಡ. ಇದುವರೆಗೆ ನಲವತ್ತೊಂದು ಸಾಲು. ಭೂತಗನ್ನಡಿ ಹಿಡಿದು, ಹಿಂಬದಿಯಿಂದ ದೀಪ ಹಿಡಿದು, ಎಲ್ಲ ಮಾಡಿ ಸೋತ ಮೇಲೆ. ಇಲ್ಲಿ ಯಾವ ಸಾಲಿತ್ತು ದೊಡ್ಡಮ್ಮ ಎಂದು ಕೇಳಿದ. ಅಜ್ಜಿ ಮುಖ ಮೇಲೆತ್ತಿದರು. ತುಟಿ ಅಲುಗಿತು. ಠಾಣೆಯಲ್ಲಿ ಫೋನು ಬಂದರೆ ಯಾರೋ ರಿಸೀವರ್ ಎತ್ತಿ ಪಕ್ಕಕ್ಕಿಟ್ಟರು. ಬಹಳ ಹೊತ್ತಾಯಿತು. ಅಜ್ಜಿ ತಲೆ ಅಲ್ಲಾಡಿಸಿದರು.

ಕಳುವಿನ ಕೇಸನ್ನು ಕೋರ್ಟಿನ ಒಪ್ಪಿಗೆಯಿಂದ ರಾಜಿ ಮಾಡಿಕೊಳ್ಳಬಹುದು ಎಂದು ಇನ್ಸ್‌ಪೆಕ್ಟರ್ ತಿಳಿಸಿದರು. ಮಗಳು ಬಾಯಿ ತೆರೆಯುವ ಮೊದಲೇ ಅಜ್ಜಿ ಕೈ ಮುಂದೆ ಚಾಚಿ, ಎಲ್ಲಿ ಹೆಬ್ಬೆಟ್ಟು ಒತ್ತಬೇಕು ತೋರಿಸಿ, ಮಕ್ಕಳ ಮೇಲೆ ಕೇಸು ನಡೆಸೋಕೆ ನನಗೆ ಪುರಸೊತ್ತಿಲ್ಲ, ಉಳಿದಿರೋದನ್ನ ಇವನ ಕೈಲಿ ಬರೆಸಬೇಕು ಎಂದರು. ರೈಟರ್ ಹೇಳಿಕೆ ಬರೆದು ಅವರ ಬೆರಳನ್ನು ಹಿಡಿದು ಒತ್ತಿಸಿದ.

ಆಗ ದುಂಡಕ್ಷರ ಅವರ ಕಾಲ ಬಳಿ ಕೂತ.

“ಆ ನಲವತ್ತೊಂದು ಇರ್ಲಿ ಬಿಡಿ ದೊಡ್ಡಮ್ಮ. ಅದಿಲ್ದೆ ಹೊಳೆ ದಾಟೋಕಾಗಲ್ಲ. ಓದೋರಿಗೆ ಯಾರಿಗೂ ಗೊತ್ತಾಗಲ್ಲ.”

ಅಜ್ಜಿ ಅವನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡರು. ತೆಳು ಹಾಳೆಯನ್ನು ಎರಡು ಬೆರಳ ನಡುವೆ ಹಿಡಿದು ಸವರಿ, ಮಗುಚಿ, ಹಿಂಬದಿಯನ್ನೂ ಸವರಿದರು. ಒಳ್ಳೆ ಹಾಳೆ ಎಂಬಂತೆ ತಲೆದೂಗಿ ವಾಪಸು ಕೊಟ್ಟರು.

“ಇರಕೂಡದು. ಹೊಡೆದು ಹಾಕು. ಆ ಜಾಗ ಖಾಲಿ ಬಿಡು.”