ಮೂರನೇ ಕನ್ವರ್ಟರ್

ಸೋಮವಾರ ಬೆಳಿಗ್ಗೆ 10.20ಕ್ಕೆ, ಮೊಟ್ಟೆ ಸಾಗಿಸುವ ಪಿಕಪ್ ಗಾಡಿಯ ಮಾಲೀಕ ದೂರು ಹಿಡಿದು ಠಾಣೆಗೆ ಬಂದ. ಅವನ ಬಲ ಮಂಡಿ ಮಡಚುತ್ತಿರಲಿಲ್ಲ. ಕಾಲನ್ನು ಇನ್‌ಸ್ಪೆಕ್ಟರರ ಮೇಜಿನ ಕೆಳಗೆ ನೀಳವಾಗಿ ಚಾಚಿ ಕುಳಿತ. ಅವನ ಹಿಂದೆ ಇಪ್ಪತ್ನಾಲ್ಕು ವರ್ಷದ ತಂಗಿ ನಿಂತಿದ್ದಳು. ಗಾಡಿ ಓಡಿಸುವವಳು ಅವಳೇ.

"ಏಳು ತಿಂಗಳಲ್ಲಿ ಮೂರನೇ ಕನ್ವರ್ಟರ್ ಸರ್, ಇದೂ ಹೋಯ್ತು. ಆ ಮೆಕ್ಯಾನಿಕ್ ಗುಜರಿ ಮಾಲು ಹಾಕಿ ಹೊಸದು ಅಂತಾನೆ."

"ಕನ್ವರ್ಟರ್ ಅಂದ್ರೆ?"

"ಸೈಲೆನ್ಸರಿಗಿಂತ ಮುಂಚೆ ಒಂದು ಡಬ್ಬಿ ಇರುತ್ತೆ. ಒಳಗೆ ಜೇನುಗೂಡಿನ ಥರ ಸಣ್ಣ ಸಣ್ಣ ಕಣ್ಣು. ಹೊಗೆ ಅದರೊಳಗಿಂದ್ಲೇ ಆಚೆ ಹೋಗ್ಬೇಕು. ಕಣ್ಣು ಮುಚ್ಚಿದ್ರೆ ಎಂಜಿನ್‌ಗೆ ಉಸಿರೇ ಇಲ್ಲ."

ಇನ್‌ಸ್ಪೆಕ್ಟರ್ ತಂಗಿಯ ಕಡೆ ತಿರುಗಿದರು. "ಏನಮ್ಮಾ, ಓಡಿಸೋವಾಗ ನಿನಗೇನು ಗೊತ್ತಾಯ್ತು?"

"ಏರಲ್ಲಿ ಎಳೆಯಲ್ಲ ಸರ್," ಅಂದ ಅಣ್ಣ.

"ಕೇಳಿದ್ದು ಅವಳನ್ನ."

"ಅವಳಿಗೇನು ಗೊತ್ತು ಸರ್! ಪಕ್ಕದಲ್ಲಿ ನಾನೇ ಕೂತಿರ್ತೀನಲ್ಲ. ಗೇರು, ಬ್ರೇಕು, ಉಬ್ಬು ಬಂದ್ರೆ ನಿಧಾನ, ಎಲ್ಲಾ ನಾನೇ ಹೇಳ್ಬೇಕು. ಐದು ವರ್ಷದಿಂದ ಹಿಂಗೇ. ಕಾಲು ಅವಳ್ದು, ತಲೆ ನಂದು."

ತಂಗಿ ಮಾತಾಡಲು ತೆರೆದಿದ್ದ ಬಾಯಿಯನ್ನು ಮುಚ್ಚಿದಳು. ಬಾಗಿಲ ಬಳಿಯಿದ್ದ ಮಹಿಳಾ ಪೇದೆ ಅದನ್ನು ಗಮನಿಸಿದಳು.

11.05ಕ್ಕೆ ವಂಚನೆಯ ಎಫ್‌ಐಆರ್ ದಾಖಲಾಯಿತು.

ಆರೋಪಿ ಮೆಕ್ಯಾನಿಕ್‌ಗೆ ಅರವತ್ತು ವರ್ಷ. ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ರೋಗ ಹೇಳುತ್ತಿದ್ದರಿಂದ ಎಲ್ಲರೂ ಅವನನ್ನು ಕಿವಿ ಮಾಸ್ಟರ್ ಎನ್ನುತ್ತಿದ್ದರು. ಇನ್‌ಸ್ಪೆಕ್ಟರ್ ಗ್ಯಾರೇಜಿಗೆ ಬೀಗಮುದ್ರೆ ಹಾಕುವ ಮಾತೆತ್ತಿದಾಗ ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಇಪ್ಪತ್ತೆಂಟು ವರ್ಷದ ಅಂಗಡಿ ಸರ್. ಒಂದು ಸಲ ಸೀಲ್ ಬಿದ್ರೆ ಆಮೇಲೆ ಯಾರು ಗಾಡಿ ತರ್ತಾರೆ? ನಿಮ್ಮೆದುರಿಗೇ ಬಿಚ್ತೀನಿ. ತಪ್ಪು ನಂದಾದ್ರೆ ನಾನೇ ಜೀಪು ಹತ್ತೀನಿ."

"ಬುಧವಾರದವರೆಗೆ ಟೈಮು," ಅಂದರು ಇನ್‌ಸ್ಪೆಕ್ಟರ್. "ಆಮೇಲೆ ನಾವೇ ಹತ್ತಿಸ್ತೀವಿ."

ಮಧ್ಯಾಹ್ನ 12.30ಕ್ಕೆ ಗ್ಯಾರೇಜಿನಲ್ಲೇ, ಅಣ್ಣ ತಂಗಿ ನೋಡುತ್ತಿದ್ದಂತೆ, ಇಬ್ಬರು ಪಂಚರ ಸಮಕ್ಷಮ ಪರೀಕ್ಷೆ ಶುರುವಾಯಿತು. ಮಾಸ್ಟರ್ ಎಂಜಿನ್ ಕಾಯಿಸಿ, ತಾಪಮಾಪಕವನ್ನು ಡಬ್ಬಿಯ ಎರಡು ತುದಿಗೂ ಹಿಡಿದು ತೋರಿಸಿದ.

"ಒಳ್ಳೇ ಕನ್ವರ್ಟರ್ ಆದ್ರೆ ಹಿಂದಿನ ತುದಿ ಜಾಸ್ತಿ ಬಿಸಿ ಇರ್ಬೇಕು. ನೋಡಿ, ತಣ್ಣಗಿದೆ. ಕೆಲಸಾನೇ ಮಾಡ್ತಿಲ್ಲ."

ಮುಂದಿನ ಸೆನ್ಸರ್ ಬಿಚ್ಚಿ, ಆ ತೂತಿಗೆ ಒತ್ತಡದ ಮಾಪಕ ಕೂಡಿಸಿದ. ಆಕ್ಸಿಲರೇಟರ್ ಒತ್ತಿಸಿದಾಗ ಒಂದೂವರೆ ದಾಟಬಾರದಿದ್ದ ಮುಳ್ಳು ಆರಕ್ಕೆ ಏರಿ ನಿಂತಿತು. ಡಬ್ಬಿ ಕೆಳಗಿಳಿಸಿ ಟಾರ್ಚ್ ಬಿಟ್ಟರೆ ಇನ್ನೊಂದು ಕಡೆಯಿಂದ ಬೆಳಕು ಬರಲಿಲ್ಲ. ಕಣ್ಣುಗಳೆಲ್ಲ ಕಪ್ಪು ಮಸಿ ಕಟ್ಟಿ ಮುಚ್ಚಿದ್ದವು.

ಡಬ್ಬಿಯ ಮೇಲೆ ಕೊರೆದಿದ್ದ ನಂಬರನ್ನು ಮಹಿಳಾ ಪೇದೆ ಬರೆದುಕೊಂಡಳು. ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ, ಬಿಲ್ಲಿನ ಜೊತೆ ತಾಳೆ ನೋಡಿದಳು. ಮಾಲು ಹೊಸದೇ ಆಗಿತ್ತು.

"ಹಾಗಾದ್ರೆ ಯಾಕೆ ಕಟ್ಕೊಳ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಎಣ್ಣೆ ಉರಿದು ಸರ್. ಮೊದಲನೇದು ಹೋದಾಗ ಎಂಜಿನ್ ಹಳೇದಾಗಿ ಎಣ್ಣೆ ಕುಡೀತಿತ್ತು, ನಿಜ. ಅದನ್ನ ಆವಾಗ್ಲೇ ಸರಿ ಮಾಡ್ದೆ. ಈಗ ನಾಲ್ಕೂ ಸಿಲಿಂಡರು ಕಂಪ್ರೆಶನ್ ಸರಿ ಇದೆ. ಎಂಜಿನ್ ಆಯಿಲು ಒಂದು ಹನೀನೂ ಇಳಿದಿಲ್ಲ."

"ಇಳೀದೆ ಉರಿಯೋದು ಹೇಗಯ್ಯಾ?"

ಮಾಸ್ಟರ್ ಗಾಡಿಯ ಸುತ್ತ ಒಂದು ಸುತ್ತು ಬಂದ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮುಂದೆ ನಿಂತು ಕೀ ಕೇಳಿದ. ತಂಗಿ ಕೊಟ್ಟಳು. ಟ್ಯಾಂಕಿನ ಬಾಯೊಳಗೆ ಬೆರಳಾಡಿಸಿ, ಆ ಬೆರಳನ್ನು ಇನ್‌ಸ್ಪೆಕ್ಟರರಿಗೆ ತೋರಿಸಿದ. ಅದು ಜಿಡ್ಡಾಗಿತ್ತು.

ಟ್ಯಾಂಕಿನ ಪೆಟ್ರೋಲ್ ಮಾದರಿಯನ್ನು ಎರಡು ಬಾಟಲಿಯಲ್ಲಿ ತೆಗೆದು, ಮೊಹರು ಮಾಡಿ, ಪಂಚನಾಮೆಗೆ ಸಹಿ ಹಾಕಿಸಿದಾಗ ಗಂಟೆ 3.15.

"ಬಂಕಿನವರ ಕಿತಾಪತಿ!" ಅಣ್ಣ ಕುಂಟುತ್ತಲೇ ಮುಂದೆ ಬಂದ.

ಮಂಗಳವಾರ ಬೆಳಿಗ್ಗೆ ಬಂಕಿನ ಮಾದರಿಯೂ ಪ್ರಯೋಗಾಲಯಕ್ಕೆ ಹೋಯಿತು. ಪೆಟ್ರೋಲ್ ಹಾಕುವವನು ನಕ್ಕುಬಿಟ್ಟ. "ಆ ಮೊಟ್ಟೆ ಅಣ್ಣನ ಗಾಡಿಗೆ ನಾವು ಮೋಸ ಮಾಡೋದಾ? ಪೈಪಿನೊಳಕ್ಕೇ ತಲೆ ಹಾಕಿ ನಿಂತಿರ್ತಾರೆ ಸರ್." ಸಂಜೆ ವರದಿ ಬಂತು. ಬಂಕಿನ ಪೆಟ್ರೋಲ್ ಶುದ್ಧ; ಟ್ಯಾಂಕಿನದರಲ್ಲಿ ಎಂಜಿನ್ ಆಯಿಲ್ ಬೆರೆತಿದೆ.

ಬಂಕಿನಲ್ಲೂ ಕಣ್ಣು ತಪ್ಪಿಸದ ಅಣ್ಣ ಗಾಡಿ ಬಿಟ್ಟು ದೂರ ಹೋಗುವ ಜಾಗ ಒಂದೇ ಇತ್ತು, ಮೊಟ್ಟೆ ಗೋಡೌನು. ಲೋಡ್ ಆಗುವಾಗ ಒಡೆದ ಮೊಟ್ಟೆ ಇದೆಯೇ ಎಂದು ಅವನು ಒಂದೊಂದು ಟ್ರೇಯನ್ನೂ ಒಳಗೇ ನಿಂತು ನೋಡುತ್ತಿದ್ದ. ಬುಧವಾರ 10 ಗಂಟೆಗೆ ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಪೇದೆ ಗೋಡೌನಿನ ಗೇಟಿನ ಕ್ಯಾಮೆರಾ ದೃಶ್ಯ ನೋಡಿದರು. ಹಿಂದಿನ ಶುಕ್ರವಾರ, ಬೆಳಿಗ್ಗೆ 6.12: ಅಣ್ಣ ಒಳಗೆ ಹೋಗುತ್ತಾನೆ. 6.14: ತಂಗಿ ಇಳಿಯುತ್ತಾಳೆ, ಟ್ಯಾಂಕಿನ ಮುಚ್ಚಳ ತೆರೆದು ಉಕ್ಕಿನ ನೀರಿನ ಬಾಟಲಿಯನ್ನು ನಿಧಾನವಾಗಿ ಬಗ್ಗಿಸುತ್ತಾಳೆ. 6.16: ಮತ್ತೆ ಸ್ಟೀರಿಂಗ್ ಮುಂದೆ ಕುಳಿತಿದ್ದಾಳೆ.

11.40ಕ್ಕೆ ಠಾಣೆಯ ಒಳಕೋಣೆಯಲ್ಲಿ ವಿಚಾರಣೆ. ಅಣ್ಣನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಲಾಯಿತು. ಬಾಗಿಲು ಹಾಕಿದ ಮೇಲೂ ಅವನ ದನಿ ಒಳಗೆ ಕೇಳುತ್ತಿತ್ತು. ಅಲ್ಲಿದ್ದ ಪೇದೆಗೆ ಫ್ಯಾನ್ ಎಷ್ಟರಲ್ಲಿ ಇಡಬೇಕೆಂದು ಹೇಳುತ್ತಿದ್ದ.

ತಂಗಿಯ ಮೊದಲ ಮಾತು ಪ್ರಶ್ನೆಯಾಗಿತ್ತು. "ಮಾಸ್ಟರ್‌ನ ಬಿಡ್ತೀರಾ ಸರ್?"

"ನೀನು ನಿಜ ಹೇಳಿದ್ರೆ."

"ನಾನೇ ಹಾಕಿದ್ದು. ಅವರ ಮೇಲೆ ಬರುತ್ತೆ ಅಂತ ಹೊಳೀಲಿಲ್ಲ."

"ಎಣ್ಣೆ ಹಾಕಿದ್ರೆ ಹಿಂಗಾಗುತ್ತೆ ಅಂತ ಯಾರು ಹೇಳಿಕೊಟ್ಟಿದ್ದು?"

"ಮಾಸ್ಟರೇ. ಮೊದಲನೇದು ತಾನಾಗೇ ಹೋಯ್ತಲ್ಲ, ಆವಾಗ ಬಿಚ್ಚಿ ತೋರಿಸಿದ್ರು. ಎಣ್ಣೆ ಉರಿದ್ರೆ ಹಿಂಗೆ ಕಟ್ಕೊಳ್ಳುತ್ತಮ್ಮಾ, ಅಂದ್ರು."

"ಗಾಡಿ ಕೆಟ್ರೆ ನಿನಗೇನು ಲಾಭ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಗಾಡಿ ಗ್ಯಾರೇಜಲ್ಲಿದ್ರೆ ಅಣ್ಣ ಗ್ಯಾರೇಜಲ್ಲಿರ್ತಾನೆ. ಏನು ಕದ್ದುಬಿಡ್ತಾರೋ ಅಂತ, ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲೇ. ಮೂರು ದಿನ."

"ಆ ಮೂರು ದಿನ ನೀನೇನು ಮಾಡ್ತೀಯ?" ಮಹಿಳಾ ಪೇದೆ ಕೇಳಿದಳು.

"ಏನೂ ಇಲ್ಲ ಮೇಡಂ. ಅನ್ನಕ್ಕೆ ನೀರು ನಾನೇ ಅಂದಾಜು ಮಾಡಿ ಹಾಕ್ತೀನಿ. ಒಂದ್ಸಲ ಮುದ್ದೆ ಆಯ್ತು. ಯಾರೂ ಏನೂ ಅನ್ನಲಿಲ್ಲ."

"ಗಾಡಿ ಓಡಿಸಲ್ಲ ಅಂತ ನೇರವಾಗಿ ಹೇಳ್ಬಹುದಿತ್ತಲ್ಲ?" ಇನ್‌ಸ್ಪೆಕ್ಟರ್ ಅಂದರು.

"ಹೇಳ್ದೆ ಸರ್, ಓಡಿಸ್ತಾ ಓಡಿಸ್ತಾನೇ. 'ಹ್ಞೂಂ, ಸೆಕೆಂಡ್ ಗೇರ್ ಹಾಕು' ಅಂದ."

ಹೇಳಿಕೆ ಬರೆದು ಮುಗಿದು, 1.10ಕ್ಕೆ ಗಾಡಿ ಹಾಳು ಮಾಡಿದ ಆರೋಪದ ಮೇಲೆ ಅವಳನ್ನು ದಸ್ತಗಿರಿ ಮಾಡಲಾಯಿತು. ಕಿವಿ ಮಾಸ್ಟರ್ ಮೇಲಿನ ಆರೋಪ ಸುಳ್ಳೆಂದು ಕೇಸ್ ಡೈರಿಯಲ್ಲಿ ನಮೂದಾಯಿತು. ಮಾಸ್ಟರ್ ಆ ಮಧ್ಯಾಹ್ನವೇ ಟ್ಯಾಂಕ್ ಖಾಲಿ ಮಾಡಿ ತೊಳೆದ, ಪ್ಲಗ್ ಬದಲಿಸಿದ, ನಾಲ್ಕನೇ ಕನ್ವರ್ಟರ್ ಕೂಡಿಸಿದ. ಹಿಂದಿನ ತುದಿ ಈಗ ಸರಿಯಾಗಿ ಬಿಸಿಯೇರಿತು.

3.40ಕ್ಕೆ ಅಣ್ಣ ಇನ್‌ಸ್ಪೆಕ್ಟರರ ಮುಂದೆ ಬಂದು ನಿಂತ. ತಂಗಿಯೂ ಅಲ್ಲೇ ಕುಳಿತಿದ್ದಳು.

"ದೂರು ವಾಪಸ್ ತಗೋತೀನಿ ಸರ್. ಮನೆ ವಿಷಯ, ಮನೇಲೇ ನೋಡ್ಕೋತೀವಿ. ಗಾಡಿ ರೆಡಿ ಆಗಿದೆ, ನಾಳೆ ಐದೂವರೆಗೆ ಲೋಡಿದೆ. ಇನ್ಮೇಲೆ ಗೋಡೌನಲ್ಲೂ ನಾನು ಇಳಿಯಲ್ಲ. ಇವಳ ಪಕ್ಕದಲ್ಲೇ ಇರ್ತೀನಿ."

"ಬರೆದಾದ ಕೇಸು, ಹಂಗೆ ಹರಿದು ಹಾಕೋಕಾಗಲ್ಲ. ಆದ್ರೆ ಜಾಮೀನು ಸಿಗುತ್ತೆ. ನೀವು ಹೊಣೆ ನಿಲ್ಲಿ, ಅವಳು ಬಾಂಡಿಗೆ ಸಹಿ ಹಾಕ್ಲಿ. ಕರ್ಕೊಂಡು ಹೋಗಿ."

ಮಹಿಳಾ ಪೇದೆ ಮುಚ್ಚಳಿಕೆಯ ಹಾಳೆಯನ್ನೂ ಪೆನ್ನನ್ನೂ ತಂಗಿಯ ಮುಂದಿಟ್ಟಳು. ಅಣ್ಣ ತನ್ನ ಸಹಿ ಹಾಕಿ ಹಾಳೆಯನ್ನು ಅವಳತ್ತ ತಳ್ಳಿದ. "ಅಲ್ಲಲ್ಲ, ಕೆಳಗಿನ ಗೆರೆ. ಪೂರ್ತಿ ಹೆಸರು ಬರಿ. ಪೆನ್ನು ಒತ್ತಬೇಡ, ಹರಿದೀತು."

ಅವಳು ಸಾಲಿನ ಕೆಳಗೆ ಬೆರಳಿಟ್ಟು ಇಡೀ ಹಾಳೆ ಓದಿದಳು.

"ಹಾಕಲೇಬೇಕಾ ಸರ್?"

"ಹಾಕದಿದ್ರೆ ಬಿಡೋಕಾಗಲ್ಲಮ್ಮ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸ್ಬೇಕು, ಅಲ್ಲಿಂದ ಜೈಲು."

"ಅಲ್ಲಿಗೆ ಅಣ್ಣನ್ನ ಬಿಡ್ತಾರಾ?"

"ವಾರಕ್ಕೊಂದು ಸಲ. ಜಾಲರಿ ಆಚೆ ಕಡೆಯಿಂದ."

ಅಣ್ಣ ಇನ್ನೂ ಗೆರೆ ತೋರಿಸುತ್ತಲೇ ಇದ್ದ. ಅವಳು ಪೆನ್ನಿಗೆ ಮುಚ್ಚಳ ಹಾಕಿ, ಹಾಳೆಯ ಮೇಲೆ ಇಟ್ಟಳು. 4.05ಕ್ಕೆ ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು: ಆರೋಪಿಯು ಜಾಮೀನು ಪಡೆಯಲು ಒಪ್ಪಿರುವುದಿಲ್ಲ. ನಿರ್ಧಾರ ಅವಳ ಸ್ವಂತದ್ದು.